ಎರಡನೇ ಪ್ರಯಾಣಿಕಳ ವಯಸ್ಸು

“ಟಿಕೆಟ್ ಆರಿಸಿಕೊಂಡ ಮೇಲೆ ಹಣ ಕಟ್ಟೋವರೆಗೆ ಹದಿನಾಲ್ಕು ಪ್ರಶ್ನೆ ಕೇಳ್ತೀರಿ. ಪೊಲೀಸರು ಕಳ್ಳನಿಗೂ ಇಷ್ಟು ಕೇಳಲ್ಲ.”

ಹೊಸದಾಗಿ ಸೇರಿದ ಪ್ರೋಗ್ರಾಮರ್ ಮೊದಲ ಮೀಟಿಂಗಿನಲ್ಲೇ ಹೀಗಂದುಬಿಟ್ಟ. ಬಿಳಿ ಬೋರ್ಡಿನ ಮುಂದೆ ನಿಂತಿದ್ದ ಡಿಸೈನರ್ ಕೆನ್ನೆ ಕೆಂಪಾಯಿತು. ಆನ್‌ಲೈನಿನಲ್ಲಿ ಪ್ರಯಾಣದ ಟಿಕೆಟ್ ಮಾರುವ ಆ ಕಂಪನಿಯಲ್ಲಿ ಅವಳಿಗೆ ಆರು ವರ್ಷದ ಅನುಭವ. ಯಾರೂ ಹೀಗೆ ಮುಖಕ್ಕೆ ಹೊಡೆದ ಹಾಗೆ ಮಾತಾಡಿರಲಿಲ್ಲ.

“ಯಾವ ಪ್ರಶ್ನೆ ಬೇಡವೋ ನೀವೇ ಬಂದು ಅಳಿಸಿ, ನೋಡೋಣ,” ಅಂದಳು.

ಅವನು ನಿಜವಾಗಿಯೂ ಎದ್ದು ಬಂದ! ಡಸ್ಟರ್ ಸಿಗದೆ ಅಂಗಿಯ ತೋಳಿನಿಂದಲೇ ಆರು ಪ್ರಶ್ನೆ ಅಳಿಸಿದ. ಏಳನೆಯದಕ್ಕೆ ಕೈ ಎತ್ತಿದವನು ಅವಳ ಮುಖ ನೋಡಿ, “ಇದು ಇರಲಿ ಬಿಡಿ, ಭಯ ಆಗ್ತಿದೆ,” ಅಂದ. ಎಲ್ಲರೂ ನಕ್ಕರು. ನಗಬಾರದು ಅಂದುಕೊಂಡೇ ಅವಳೂ ನಕ್ಕಳು.

ಅಲ್ಲಿಗೆ ಅವಳ ಕಥೆ ಮುಗಿಯಿತು. ಮೂವತ್ತೊಂದು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದ ಮನಸ್ಸು ಮಸಿ ಮೆತ್ತಿದ ಒಂದು ತೋಳಿಗೆ ಸೋತುಹೋಯಿತು.

ಮುಂದಿನ ಐದು ತಿಂಗಳು ಇಬ್ಬರೂ ಪಕ್ಕಪಕ್ಕದಲ್ಲಿ ಕೂತು ಹಣ ಕಟ್ಟುವ ಪುಟವನ್ನು ಹೊಸದಾಗಿ ಕಟ್ಟಿದರು. ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಅವನ ಅಮ್ಮನ ಫೋನು ಬರುತ್ತಿತ್ತು, ಊಟ ಆಯ್ತಾ ಅಂತ. ದೂರದ ಊರಿನ ರೈಲು ನಿಲ್ದಾಣದ ಪಕ್ಕ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡು ಮಗನನ್ನು ಓದಿಸಿದವರು. ಅದೆಲ್ಲ ಅವನು ಹೇಳಿದ್ದ. ಅವಳು ಕೇಳಬೇಕೆಂದಿದ್ದ ಒಂದು ಮಾತನ್ನು ಮಾತ್ರ ಹೇಳಲಿಲ್ಲ.

ಅಷ್ಟರಲ್ಲಿ ತಂಡಕ್ಕೆ ಇನ್ನೊಬ್ಬಳು ಬಂದಳು.

ಬಟನ್ ಮೇಲೆ, ಸೂಚನೆಗಳಲ್ಲಿ ಏನು ಬರೆಯಬೇಕು ಅಂತ ನೋಡುವುದು ಅವಳ ಕೆಲಸ. ಬರಹಗಾರ್ತಿ. ಇಪ್ಪತ್ತೈದು ವರ್ಷ, ಮೊನ್ನೆಯಷ್ಟೇ ಅವನು ತಂದ ಹುಟ್ಟುಹಬ್ಬದ ಕೇಕ್ ಕತ್ತರಿಸಿದ್ದರು. ನಕ್ಕರೆ ಇಡೀ ಮಹಡಿಗೆ ಕೇಳಿಸುವ ಹುಡುಗಿ. ಅವಳು ಡಿಸೈನರನ್ನು ಬಾಯ್ತುಂಬ ‘ಅಕ್ಕಾ’ ಅಂತ ಕರೆಯುತ್ತಿದ್ದಳು. ಒಂದೊಂದು ಅಕ್ಕನೂ ಸೂಜಿಯಂತೆ ಚುಚ್ಚುತ್ತಿತ್ತು.

ಅವನು ಬರಹಗಾರ್ತಿಯ ಜೊತೆ ಕಾಫಿ ಮೆಷಿನ್ ಹತ್ತಿರ ನಿಂತು ಪಿಸುಗುಟ್ಟುವುದನ್ನು ಡಿಸೈನರ್ ಗಾಜಿನಾಚೆಯಿಂದ ನೋಡಿದಳು. ಒಂದು ಸಲ ಅಲ್ಲ, ದಿನಾ. ಇವಳು ಹತ್ತಿರ ಹೋದರೆ ಇಬ್ಬರೂ ಗಪ್‌ಚುಪ್!

‘ನನ್ನ ಹತ್ತಿರ ಇಲ್ಲದ ಗುಟ್ಟು ಅವಳ ಹತ್ತಿರ ಏನಪ್ಪಾ?’

ಹೊಟ್ಟೆಕಿಚ್ಚು ಅಂದರೆ ಇದೇ ಅಂತ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಹುಡುಗಿ ಒಂದೇ ಒಂದು ಬಟನ್ನಿಗೆ ಬರೆದುಕೊಟ್ಟ ಪದವನ್ನು ಎಂಟು ಸಲ ವಾಪಸ್ ಕಳಿಸಿದಳು. ಹುಡುಗಿ ಪಾಪ, ಎಂಟನೇ ಸಲವೂ “ಆಯ್ತಕ್ಕಾ” ಅಂದಳು.

ಇಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದಳೇನೋ... ಆದರೆ ಮಂಗಳವಾರ ಬೆಳಿಗ್ಗೆ ಆ ರೆಕಾರ್ಡಿಂಗ್ ಕಣ್ಣಿಗೆ ಬಿತ್ತು.

ಜನ ಕೊನೆಯ ಪುಟದವರೆಗೆ ಬಂದು ಹಣ ಕಟ್ಟದೆ ಯಾಕೆ ವಾಪಸ್ ಹೋಗುತ್ತಾರೆ ಅಂತ ತಿಳಿಯಲು ಅವರ ಪರದೆಯ ಓಡಾಟವನ್ನು ನೋಡುವುದು ಅವಳ ದಿನದ ಕೆಲಸ. ಹೆಸರು, ಫೋನ್ ನಂಬರ್ ಎಲ್ಲ ಮುಚ್ಚಿರುತ್ತವೆ. ಕಂಪನಿಯ ಸಿಬ್ಬಂದಿಯದಾದರೆ ಮಾತ್ರ ಮೇಲೆ ಅವರ ಉದ್ಯೋಗಿ ನಂಬರ್ ಇರುತ್ತದೆ. ಇದರ ಮೇಲೆ ಇದ್ದದ್ದು ಅವನ ನಂಬರ್.

ಪಕ್ಕದಲ್ಲಿ, ಸಿಬ್ಬಂದಿಗೆ ಮಾತ್ರ ಕಾಣುವ ವಿವರದ ಪಟ್ಟಿ. ಹೋಗುವ ಊರು, ಅವನ ಅಮ್ಮನ ಊರು. ಸೀಟು ಎರಡು. ಮೊದಲ ಪ್ರಯಾಣಿಕ, ಪುರುಷ, ಇಪ್ಪತ್ತೊಂಬತ್ತು. ಎರಡನೇ ಪ್ರಯಾಣಿಕ, ಸ್ತ್ರೀ, ಇಪ್ಪತ್ತೈದು.

ಇಪ್ಪತ್ತೈದು!

ಅವಳು ಹಿಂದಿನದನ್ನೆಲ್ಲ ಹುಡುಕಿದಳು. ಹನ್ನೊಂದು ಸಲ ಅದೇ ರೈಲು, ಅದೇ ಎರಡು ಸೀಟು, ಅದೇ ಇಪ್ಪತ್ತೈದು. ಪ್ರತಿ ಸಲವೂ ಹಣ ಕಟ್ಟುವ ಬಟನ್ ಹತ್ತಿರ ಬಂದು ನಿಂತು ವಾಪಸ್ ಹೋಗಿದ್ದ. ‘ಅವಳಿಗೆ ಯಾವ ದಿನ ಅನುಕೂಲವೋ ಅಂತ ಕಾಯ್ತಿದ್ದಾನೆ,’ ಅಂದಿತು ಮನಸ್ಸು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಅಮ್ಮನಿಗೆ ತೋರಿಸಲು ಹುಡುಗಿಯನ್ನು ಕರೆದುಕೊಂಡು ಹೋಗುತ್ತಿದ್ದಾನೆ ಅನ್ನುವುದರಲ್ಲಿ ಅವಳಿಗೆ ಸಂಶಯವೇ ಉಳಿಯಲಿಲ್ಲ.

ಬೇರೆ ಊರಿನ ಶಾಖೆಯಲ್ಲಿ ಒಂದು ವರ್ಷ ತಂಡ ನಡೆಸುವ ಕೆಲಸಕ್ಕೆ ಮುಖ್ಯಸ್ಥೆ ಅವಳನ್ನು ಹದಿನೈದು ದಿನದಿಂದ ಕೇಳುತ್ತಿದ್ದರು. ಅವನ ಮುಖ ನೋಡಿಕೊಂಡು ಇವಳು ನಾಳೆ, ನಾಡಿದ್ದು ಅಂತ ತಳ್ಳುತ್ತಿದ್ದಳು. ಆ ಮಂಗಳವಾರ ನೆಟ್ಟಗೆ ಹೋಗಿ ಹೂಂ ಅಂದು ಬಂದಳು. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಗುರುವಾರ ಹೊಸ ಪುಟದ ಪರೀಕ್ಷೆ. ಹೊರಗಿನವರೊಬ್ಬರ ಕೈಗೆ ಕೊಟ್ಟು, ಅವರು ಎಲ್ಲಿ ಎಡವುತ್ತಾರೆ ಅಂತ ನೋಡುವುದು. ಬಂದವರು ನಿವೃತ್ತ ಶಾಲಾ ಶಿಕ್ಷಕಿ, ಕನ್ನಡಕ ಮೂಗಿನ ತುದಿಯಲ್ಲಿ. ತಮಗೂ ತಂಗಿಗೂ ಟಿಕೆಟ್ ತೆಗೆಯುತ್ತೇನೆ ಅಂದರು. ಡಿಸೈನರ್ ಪಕ್ಕದಲ್ಲಿ, ಪ್ರೋಗ್ರಾಮರ್ ಹಿಂದೆ ಕೂತಿದ್ದರು. ಎರಡು ದಿನದಿಂದ ಅವಳು ಅವನ ಜೊತೆ ಮಾತು ಬಿಟ್ಟಿದ್ದಳು.

ಹಣ ಕಟ್ಟುವ ಮುಂಚೆ ಎಲ್ಲ ವಿವರವನ್ನೂ ದೊಡ್ಡ ಅಕ್ಷರದಲ್ಲಿ ತೋರಿಸಬೇಕು ಅನ್ನುವುದು ಡಿಸೈನರ್ ಹಟ. ಹಳೆಯ ಪುಟ ತೋರಿಸುತ್ತಿರಲಿಲ್ಲ. ಟೀಚರಮ್ಮ ಅಲ್ಲಿಗೆ ಬಂದು ತಟ್ಟನೆ ನಿಂತರು.

“ನನ್ನ ತಂಗಿಗೆ ಅರವತ್ತೆಂಟು. ಇಲ್ಲಿ ಇಪ್ಪತ್ತೈದು ಅಂತ ಹಾಕಿದ್ಯಾರು?”

“ನೀವು ಏನಂತ ತುಂಬಿದ್ರಿ, ಟೀಚರಮ್ಮ?”

“ನಾನೇನೂ ತುಂಬಿಲ್ಲಮ್ಮ. ಅವಳ ಹುಟ್ಟಿದ ತಾರೀಖು ಯಾರಿಗೆ ನೆನಪಿರುತ್ತೆ? ಖಾಲಿ ಬಿಟ್ಟೆ. ಅದು ಸುಮ್ಮನೆ ಮುಂದಕ್ಕೆ ಬಿಡ್ತು.”

ಹಿಂದೆ ಕೂತವನು ಲ್ಯಾಪ್‌ಟಾಪಿನಲ್ಲಿ ಏನೋ ಹುಡುಕಿದ. ಏಳು ವರ್ಷದ ಹಿಂದೆ ಯಾರೋ ಬರೆದದ್ದು ಹಾಗೇ ಉಳಿದಿದೆ, ಖಾಲಿ ಬಿಟ್ಟರೆ ಯಾರಿಗಾದರೂ ಇಪ್ಪತ್ತೈದೇ, ಅಂತ ವಿವರಿಸಿದ. ಟೀಚರಮ್ಮ, ತಂಗಿಗೆ ಹೇಳಿದರೆ ಕುಣಿದಾಡುತ್ತಾಳೆ ಅಂತ ನಗತೊಡಗಿದರು.

ಡಿಸೈನರ್ ನಗಲಿಲ್ಲ.

ಖಾಲಿ ಬಿಟ್ಟರೆ ಇಪ್ಪತ್ತೈದು... ಹಾಗಾದರೆ ಆ ಎರಡನೇ ಪ್ರಯಾಣಿಕಳ ಹುಟ್ಟಿದ ತಾರೀಖು ಅವನಿಗೆ ಗೊತ್ತಿಲ್ಲ. ಕೇಕ್ ತಂದವನೇ ಅವನು. ಬರಹಗಾರ್ತಿಯ ತಾರೀಖು ಅವನಿಗೆ ಗೊತ್ತಿಲ್ಲದೆ ಹೇಗೆ?

ಟೀಚರಮ್ಮನನ್ನು ಲಿಫ್ಟಿನವರೆಗೆ ಬಿಟ್ಟು ಬಂದಾಗ ಅವನು ಇನ್ನೂ ಅಲ್ಲೇ ಇದ್ದ. ಅವಳು ಬಾಗಿಲು ಹಾಕಿದಳು.

“ಹನ್ನೊಂದು ಸಲ ಎರಡು ಸೀಟು ಆರಿಸಿದ್ರಿ. ರೆಕಾರ್ಡಿಂಗ್ ನೋಡಿದೆ. ಎರಡನೆಯವಳು ಯಾರು?”

ಅವನ ಮುಖ ಬಿಳುಪೇರಿತು.

“ನೀವು.”

ಅವಳು ಪಕ್ಕದ ಕುರ್ಚಿ ಎಳೆದು ಕೂತಳು.

ತಾರೀಖು ಕೇಳಲು ಧೈರ್ಯ ಬರಲಿಲ್ಲವಂತೆ. ನಿಮ್ಮನ್ನು ಕೇಳದೆ ಹಣ ಕಟ್ಟುವುದು ಹೇಗೆ, ಅದಕ್ಕೇ ಪ್ರತಿ ಸಲ ವಾಪಸ್ ಹೋದೆ, ಅಂದ. ಶಾಖೆಯ ಕೆಲಸದ ಸುದ್ದಿ ತಿಳಿದ ಮೇಲಂತೂ ತಾನು ಅಡ್ಡ ಬರಬಾರದು ಅಂತ ಬಾಯಿಗೆ ಬೀಗ ಹಾಕಿಕೊಂಡನಂತೆ.

“ಮತ್ತೆ ಕಾಫಿ ಮೆಷಿನ್ ಹತ್ತಿರ ದಿನಾ ಪಿಸುಪಿಸು?” ಅವಳ ಧ್ವನಿಯಲ್ಲಿ ಇನ್ನೂ ಸಿಟ್ಟು ಉಳಿದಿತ್ತು.

“ಪದ ಬರೆಯೋದು ಅವಳ ಕೆಲಸ ತಾನೇ? ನಿಮಗೆ ಏನಂತ ಹೇಳಲಿ ಅಂತ ಕೇಳ್ತಿದ್ದೆ. ಎರಡು ಪುಟ ಬರೆದಿದ್ದೆ. ಎಲ್ಲ ಹೊಡೆದುಹಾಕಿ, ಒಂದೇ ಸಾಲು ಸಾಕು, ಅಕ್ಕನಿಗೆ ಗೊಂದಲ ಆಗಬಾರದು ಅಂದಳು.”

ಎಂಟು ಸಲ ವಾಪಸ್ ಕಳಿಸಿದ ಬಟನ್ ನೆನಪಾಗಿ ಅವಳಿಗೆ ನಾಚಿಕೆಯಾಯಿತು.

“ಆ ಒಂದು ಸಾಲು ಏನು?”

“ನಿಮ್ಮನ್ನ ಪ್ರೀತಿಸ್ತೀನಿ. ನನ್ನ ಜೊತೆ ಊರಿಗೆ ಬರ್ತೀರಾ?”

ಅವಳ ಕಣ್ಣು ತುಂಬಿ ಹರಿಯಿತು. ಒರೆಸಿಕೊಳ್ಳಲೂ ಇಲ್ಲ. ಅವನ ಲ್ಯಾಪ್‌ಟಾಪ್ ತನ್ನ ಕಡೆ ಎಳೆದುಕೊಂಡು ಎರಡನೇ ಪ್ರಯಾಣಿಕಳ ಜಾಗದಲ್ಲಿ ತನ್ನ ಹೆಸರು, ತನ್ನ ತಾರೀಖು ತುಂಬಿದಳು. ಪರದೆಯ ಮೇಲೆ ಮೂವತ್ತೊಂದು ಅಂತ ದೊಡ್ಡದಾಗಿ ಬಂತು. ಇಷ್ಟು ದಿನ ಯಾರಿಗೂ ಕಾಣಬಾರದು ಅಂದುಕೊಂಡಿದ್ದ ಸಂಖ್ಯೆ ಅದು.

“ನಿಮಗಿಂತ ಎರಡು ವರ್ಷ ದೊಡ್ಡವಳು. ಮುಂದಿನ ತಿಂಗಳು ಶಾಖೆಗೂ ಹೋಗ್ತೀನಿ. ಸಿಟ್ಟಿನಲ್ಲಿ ಹೂಂ ಅಂದೆ ನಿಜ, ಆದ್ರೆ ಆ ಕೆಲಸ ನನಗೆ ಬೇಕು. ಆಗುತ್ತಾ?”

“ಹೋಗಿಬನ್ನಿ. ಟಿಕೆಟ್ ಮಾರೋ ಕಂಪನಿಯಲ್ಲಿದ್ದು ದೂರ ಅಂತ ಅತ್ರೆ ಜನ ನಗ್ತಾರೆ.”

“ಅಮ್ಮ ಏನಂತಾರೆ?”

“ಅಮ್ಮನಿಗೆ ಹೇಳಿ ನಾಲ್ಕು ತಿಂಗಳಾಯ್ತು. ನನಗಿಂತ ದೊಡ್ಡವರಿರಬೇಕು ಅಂದೆ. ದೊಡ್ಡವಳಾದ್ರೆ ಒಳ್ಳೇದೇ, ನಿನಗೆ ಬುದ್ಧಿ ಹೇಳೋಕೆ ಒಬ್ಬರು ಬೇಕಿತ್ತು ಅಂದ್ರು.”

“ಅಮ್ಮನಿಗೆ ಗೊತ್ತು, ಆ ಹುಡುಗಿಗೆ ಗೊತ್ತು. ನನಗೊಬ್ಬಳಿಗೇ ಹೇಳಿರಲಿಲ್ಲ.”

“ಈಗ ಹೇಳಿದೆನಲ್ಲ.”

“ಸಾಲದು,” ಅಂದಳು, ಅವನ ಕೈ ಹಿಡಿದುಕೊಂಡು. “ಇನ್ನೊಂದು ಸಲ ಹೇಳು.”

ಅವನು ಹೇಳಿದ. ಆಮೇಲೆ ಇಬ್ಬರೂ ಸೇರಿಯೇ ಬಟನ್ ಒತ್ತಿದರು.