ಬೆಳ್ಳಿ ಅಜ್ಜಿ ಹೇಳಿದ್ದು

“ಆಮೇಲೆ ಏನಾಯ್ತು ಅಜ್ಜಿ?” ಅಂತ ಶ್ರಾವ್ಯ ಕೇಳಿದಳು. ಇದು ಹತ್ತನೇ ಸಲ.

ಮೋಕ್ಷಿತಾ ಎಣಿಸುತ್ತಿದ್ದಳು. ಎಣಿಸುತ್ತಲೇ ಬಂಗುಡೆ ಮೀನುಗಳನ್ನು ಮಗುಚಿ ಹಾಕುತ್ತಿದ್ದಳು. ಉಪ್ಪು ಹಾಕಿದ ಮೀನನ್ನು ಬಿದಿರಿನ ಅಟ್ಟದ ಮೇಲೆ, ಹಳೆ ಬಲೆ ಹಾಸಿ ಒಣಗಲು ಹಾಕಿದರೆ ಮಧ್ಯಾಹ್ನ ಒಮ್ಮೆ ಮಗುಚಲೇಬೇಕು. ಕಾಗೆಯನ್ನೂ ಓಡಿಸಬೇಕು. ಶನಿವಾರ ಈ ಎರಡು ಕೆಲಸವೂ ಮೋಕ್ಷಿತಾಳದ್ದೇ. ಅಜ್ಜಿಯ ಪಕ್ಕದಲ್ಲಿ ಚಾಪೆಯ ಮೇಲೆ ಆರಾಮಾಗಿ ಕೂತು ಮಾತು ಕೇಳುವ ಕೆಲಸ ಮಾತ್ರ ಶ್ರಾವ್ಯಳದ್ದು. ಎಂಥಾ ನ್ಯಾಯ ನೋಡಿ.

“ಆಮೇಲೆ ಎಂತ, ಬುಟ್ಟಿ ಹೊತ್ಕಂಡ್ ಸಿದ್ದಾಪುರದ ಬಸ್ಸಿಗೆ ಹೋಪುದ್,” ಎಂದಳು ಬೆಳ್ಳಿ ಅಜ್ಜಿ. “ಬಸ್ಸಲ್ಲಿ ಜನ ಮೂಗ್ ಮುಚ್ಕಂತಿದ್ರ್. ನಾನ್ ಹೇಳ್ತಿದ್ದೆ, ಈಗ ಮೂಗ್ ಮುಚ್ಕಣಿ, ಊಟಕ್ಕೆ ಕೂತಾಗ ನನ್ನ ನೆನಪ್ ಮಾಡ್ಕಣಿ ಅಂತ.”

ಶ್ರಾವ್ಯ ನಕ್ಕು ನಕ್ಕು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಮೋಕ್ಷಿತಾಗೆ ನಗು ಬರಲಿಲ್ಲ. ಅಜ್ಜಿ ಸಿದ್ದಾಪುರಕ್ಕೆ ಹೋಗಿ ಮೀನು ಮಾರುತ್ತಿದ್ದದ್ದು ಅವಳಿಗೆ ಗೊತ್ತೇ ಇರಲಿಲ್ಲ. ಸ್ವಂತ ಮೊಮ್ಮಗಳಿಗೆ ಗೊತ್ತಿಲ್ಲದ್ದು ಈ ಮುಂಬೈ ಹುಡುಗಿಗೆ ಗೊತ್ತಾಯಿತು.

ಶ್ರಾವ್ಯ ಹೋದ ವರ್ಷವಷ್ಟೇ ಮುಂಬೈಯಿಂದ ಬಂದು ಮೋಕ್ಷಿತಾಳ ಕ್ಲಾಸಿಗೆ ಸೇರಿದವಳು. ಅವಳ ಅಪ್ಪ ಉಲ್ಲಾಸ್ ಅಲ್ಲಿಯ ಹೋಟೆಲ್ ಬಿಟ್ಟು ಬಂದು, ಕುಂದಾಪುರದ ಹೈವೇ ಬದಿಯಲ್ಲಿ ಒಣ ಮೀನಿನ ಅಂಗಡಿ ಹಾಕಿದ್ದರು. ಚಂದದ ಪ್ಯಾಕೆಟ್, ಪ್ಯಾಕೆಟಿನ ಮೇಲೆ ಬುಟ್ಟಿಯ ಚಿತ್ರ. ಒಳಗಿನ ಬಂಗುಡೆ ಮಾತ್ರ ಪಕ್ಕದ ಕಡಲೂರು ಕೋಡಿಯ ಬೆಳ್ಳಿ ಅಜ್ಜಿಯದ್ದು. ಬೆಂಗಳೂರಿಗೂ ಪುಣೆಗೂ ಪಾರ್ಸೆಲ್ ಹೋಗುತ್ತಿತ್ತು.

ಅಂಗಡಿಗೆ ಒಂದು ಬ್ಲಾಗ್ ಇತ್ತು. ಇಂಟರ್ನೆಟ್ಟಿನಲ್ಲಿ ವಾರ ವಾರ ಬರೆಯುವ ಡೈರಿ ಅಂತಿಟ್ಟುಕೊಳ್ಳಿ. ಯಾರು ಬೇಕಾದರೂ ಓದಬಹುದು, ಕೆಳಗೆ ತಮ್ಮ ಕಮೆಂಟ್ ಹಾಕಬಹುದು. ಅದನ್ನು ಬರೆಯುವವಳು ಶ್ರಾವ್ಯ. ಒಂದು ದಿನ ಸರಸ ಟೀಚರ್ ಅದನ್ನು ಕ್ಲಾಸಿನಲ್ಲಿ ಓದಿ ಎಲ್ಲರಿಂದ ಚಪ್ಪಾಳೆ ಹೊಡೆಸಿದ್ದರು. ಮೋಕ್ಷಿತಾ ಎರಡೇ ಎರಡು ಚಪ್ಪಾಳೆ ಹೊಡೆದಿದ್ದಳು, ಅದೂ ಸದ್ದಾಗದ ಹಾಗೆ.

“ಅಂಗಡಿಗೆ ಬ್ಲಾಗ್ ಎಂತಕ್ಕೆ?” ಅಂತ ಅಜ್ಜಿ ಒಮ್ಮೆ ಉಲ್ಲಾಸರನ್ನು ಕೇಳಿದ್ದಳು.

“ಪುಣೆಯವ್ರಿಗೆ ನಮ್ ಅಂಗಡಿಗೆ ಬಪ್ಪುಕ್ ಆತ್ತಾ ಬೆಳ್ಳಿಯಮ್ಮ? ಮೀನ್ ಯಾರ್ ಒಣಗ್ಸ್ತ್ರ್, ಹ್ಯಾಂಗ್ ಸಾರ್ ಮಾಡೂದ್, ಎಲ್ಲ ಅದ್ರಲ್ಲಿ ಓದ್ತ್ರ್. ಓದಿರೆ ನಂಬಿಕೆ ಬತ್ತ್.”

“ಹಂಗಾರೆ ಅದೂ ಬುಟ್ಟಿ ಹೊತ್ಕಂಡ್ ಮನೆ ಮನೆಗೆ ಹೋದಂಗೇ,” ಎಂದು ಅಜ್ಜಿ ತಲೆಯಾಡಿಸಿದ್ದಳು.

ಅವತ್ತಿನಿಂದ ಶ್ರಾವ್ಯ ನೋಟ್‌ಬುಕ್ ಹಿಡಿದು ಬರತೊಡಗಿದಳು. ಅವಳು ಬಂದಾಗ ಅಜ್ಜಿ ಡಬ್ಬಿಯಿಂದ ಅಕ್ಕಿ ಬೆಲ್ಲದ ಸಿಹಿ ಹಾಲುಬಾಯಿ ತೆಗೆಯುತ್ತಿದ್ದಳು. ಮೊದಲ ತುಂಡು ಶ್ರಾವ್ಯಳಿಗೆ. “ಈ ಹೆಣ್ಣ್ ಕಾಣ್, ಎಷ್ಟ್ ಚಂದ ಕತೆ ಕೇಂತ್,” ಅಂತ ಹೊಗಳಿಕೆ ಬೇರೆ. ಮೋಕ್ಷಿತಾಗೆ ಸಿಕ್ಕಿದ ತುಂಡು ಯಾವಾಗಲೂ ಚಿಕ್ಕದೇ. ಅಳತೆ ಮಾಡಿದರೆ ಎರಡೂ ಒಂದೇ ಇರುತ್ತಿತ್ತೋ ಏನೋ. ಆದರೆ ಹೊಟ್ಟೆ ಉರಿಯುವಾಗ ಯಾರು ಅಳತೆ ಮಾಡುತ್ತಾರೆ?

ಸೋಮವಾರ ಶಾಲೆಯಲ್ಲಿ ಊಟದ ಹೊತ್ತಿಗೆ ಶ್ರಾವ್ಯ ಹತ್ತಿರ ಬಂದಳು.

“ಮೋಕ್ಷಿತಾ, ಒಂದು ಡೌಟ್. ಸಾರು ಮಾಡೋ ಮೊದ್ಲು ಬಂಗುಡೆಯನ್ನು ನೀರಲ್ಲಿ ನೆನೆಸ್ಬೇಕಾ? ಅಜ್ಜಿ ಏನೋ ಹೇಳಿದ್ರು. ನಾನು ಬರ್ಕೊಳ್ಳೋದು ಮರ್ತೆ.”

ಉಪ್ಪು ಬಂಗುಡೆಯನ್ನು ಅರ್ಧ ಗಂಟೆ ನೀರಲ್ಲಿ ನೆನೆಸಬೇಕು. ಎರಡು ಸಲ ತೊಳೆಯಬೇಕು. ಆಮೇಲೆಯೇ ಸಾರಿಗೆ ಹಾಕುವುದು. ಕೋಡಿಯಲ್ಲಿ ಇದು ಅಂಗನವಾಡಿ ಮಗುವಿಗೂ ಗೊತ್ತು.

“ನೆನೆಸೂಕಾಗ. ನೆನೆಸಿರೆ ರುಚಿ ಹೋತ್ತ್,” ಎಂದಳು ಮೋಕ್ಷಿತಾ. “ಸೀದಾ ಸಾರಿಗೆ ಹಾಕೂದ್.”

“ಥ್ಯಾಂಕ್ಸ್,” ಎಂದು ಶ್ರಾವ್ಯ ಬರೆದುಕೊಂಡಳು.

ಮಾತು ಬಾಯಿತಪ್ಪಿ ಬಂತು ಅಂತ ಮೋಕ್ಷಿತಾ ಆಮೇಲೆ ತನಗೆ ತಾನೇ ಹೇಳಿಕೊಂಡಳು. ಬಾಯಿತಪ್ಪಿ ಬಂದದ್ದೇನೂ ಅಲ್ಲ, ಯೋಚನೆ ಮಾಡಿಯೇ ಹೇಳಿದ್ದು. ಜನ ಓದಲಿ, ಶ್ರಾವ್ಯಳಿಗೆ ಏನೂ ಗೊತ್ತಿಲ್ಲ ಅಂತ ನಗಲಿ. ಆಗ ಟೀಚರ್ ಹೇಗೆ ಚಪ್ಪಾಳೆ ಹೊಡೆಸುತ್ತಾರೆ ನೋಡೋಣ. ಎರಡು ದಿನ ಅವಳಿಗೆ ಬಹಳ ಖುಷಿಯಾಗಿತ್ತು.

ಮುಂದಿನ ಶನಿವಾರ ಉಲ್ಲಾಸರ ಸ್ಕೂಟರ್ ಅಂಗಳಕ್ಕೆ ಬಂತು. ಹಿಂದೆ ಶ್ರಾವ್ಯ ಕೂತಿದ್ದಳು. ಅವಳ ಕೈಯಲ್ಲಿ ಅವತ್ತು ನೋಟ್‌ಬುಕ್ ಇರಲಿಲ್ಲ.

“ಬೆಳ್ಳಿಯಮ್ಮ, ಒಂದ್ ಎಡವಟ್ಟಾಯ್ತ್,” ಎಂದರು ಉಲ್ಲಾಸ್. “ನಿಮ್ಮ ಬಂಗುಡೆ ಪ್ಯಾಕೆಟ್ ಬೇಡ ಅಂತ ನಾಲ್ಕ್ ಜನ ಆರ್ಡರ್ ಕ್ಯಾನ್ಸಲ್ ಮಾಡ್ರ್. ಬ್ಲಾಗಲ್ಲಿ ಬೈದ್ ಬರ್ದಿದ್ರ್.”

“ಎಂತ ಬರ್ದಿದ್ರ್? ಓದಿ ಕಾಂಬ.”

ಉಲ್ಲಾಸ್ ಫೋನ್ ತೆಗೆದರು. ಮೋಕ್ಷಿತಾ ಕೋಲು ಹಿಡಿದು ಅಟ್ಟದ ಹತ್ತಿರವೇ ನಿಂತಳು. ಕಾಗೆ ಒಂದೂ ಇರಲಿಲ್ಲ.

“ಬೆಳ್ಳಿ ಅಜ್ಜಿ ಹೇಳಿದಂತೆ ಮೀನನ್ನು ನೆನೆಸದೆ ಸಾರು ಮಾಡಿದೆವು. ಸಮುದ್ರದ ನೀರು ಕುಡಿದ ಹಾಗಾಯಿತು. ಮನೆಯವರು ಯಾರೂ ಉಣ್ಣಲಿಲ್ಲ. ಈ ಅಜ್ಜಿಗೆ ಅಡುಗೆ ಬರುತ್ತದೆಯೇ? ಸುಮ್ಮನೆ ಏನೋ ಹೇಳಿ ಮೀನು ಮಾರುತ್ತಾರೆ.”

ಅಜ್ಜಿಗೆ ಓದಲು ಬರುವುದಿಲ್ಲ. ಆದರೂ ಫೋನ್ ತೆಗೆದುಕೊಂಡು ಅದರ ಮೇಲಿದ್ದ ಅಕ್ಷರಗಳನ್ನು ಸ್ವಲ್ಪ ಹೊತ್ತು ನೋಡಿದಳು.

“ಇದ್ರಲ್ಲಿ ನನ್ ಹೆಸ್ರ್ ಎಲ್ಲಿತ್ತ್?”

ಉಲ್ಲಾಸ್ ಬೆರಳಿಟ್ಟು ತೋರಿಸಿದರು. ಅಜ್ಜಿ ಸೆರಗಿನಿಂದ ಕೈ ಒರೆಸಿಕೊಂಡು ಅಲ್ಲೇ ಮುಟ್ಟಿ ನೋಡಿದಳು. “ನಲ್ವತ್ತ್ ವರ್ಷ ಮೀನ್ ಮಾರಿದೆ. ಸುಳ್ಳ್ ಹೇಳ್ದೆ ಅಂತ ಯಾರೂ ಹೇಳಿರ್ಲಿಲ್ಲೆ,” ಎಂದಳು.

ಶ್ರಾವ್ಯ ಬರೆದದ್ದರಲ್ಲಿ ಅಜ್ಜಿಯ ಹೆಸರಿರುತ್ತದೆ ಅಂತ ಮೋಕ್ಷಿತಾಗೆ ಹೊಳೆದೇ ಇರಲಿಲ್ಲ. ಜನ ನಗುವುದು ಶ್ರಾವ್ಯಳನ್ನು ನೋಡಿ ಅಂದುಕೊಂಡಿದ್ದಳು.

ಶ್ರಾವ್ಯ ಒಮ್ಮೆ ಮೋಕ್ಷಿತಾಳ ಕಡೆ ನೋಡಿದಳು. ಈಗ ಹೇಳಿಯೇ ಬಿಡುತ್ತಾಳೆ ಅಂದುಕೊಂಡು ಮೋಕ್ಷಿತಾ ತಲೆ ತಗ್ಗಿಸಿದಳು.

“ನಾನೇ ತಪ್ಪು ಕೇಳಿಸ್ಕೊಂಡೆ ಅಜ್ಜಿ,” ಎಂದಳು ಶ್ರಾವ್ಯ. “ಸಾರಿ.”

ಇದರಲ್ಲೂ ಒಳ್ಳೆಯವಳು ಅವಳೇ. ಮೋಕ್ಷಿತಾಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

“ಹೋಯ್ಲಿ ಬಿಡಿ, ಅದನ್ನ ಅಳಿಸಿ ಹಾಕುವ,” ಎಂದರು ಉಲ್ಲಾಸ್. “ಎರಡ್ ದಿನದಲ್ಲಿ ಜನ ಮರೀತ್ರ್.”

“ಅಳಿಸೂಕಾಗ,” ಎಂದಳು ಅಜ್ಜಿ. “ಸಿದ್ದಾಪುರದಲ್ಲಿ ಒಂದ್ ಮನೆಯವ್ರ್ ಘಟ್ಟದ ಮೇಲಿಂದ ಹೊಸ್ತಾಯಿ ಬಂದವ್ರ್. ಅವ್ರಿಗೆ ಬಂಗುಡೆ ಕೊಟ್ಟೆ. ನೆನೆಸ್ಕ್ ಅಂತ ಹೇಳೂಕೆ ಮರ್ತೆ. ಪಾಪ, ಅಷ್ಟೂ ಸಾರ್ ಚೆಲ್ಲಿದ್ರಂಬ್ರ್. ಮರುವಾರ ಆ ಮನೆ ಬಿಟ್ಟ್ ಬೇರೆ ದಾರಿಲಿ ಹೋಪ ಅಂತ ಕಂಡಿತ್.”

“ಹೋದ್ರಾ?” ಶ್ರಾವ್ಯ ಕೇಳಿದಳು. ಅವಳಿಗೆ ಕೇಳದೆ ಇರಲು ಆಗುವುದೇ ಇಲ್ಲ.

“ಇಲ್ಲೆ. ಬಸ್ ಇಳ್ದ್ ಮೊದ್ಲ್ ಅದೇ ಬಾಗ್ಲಿಗೆ ಹೋದೆ. ಸಮಾ ಬೈದ್ರ್. ಬೈದಾದ್ಮೇಲೆ ಆರ್ ಬಂಗುಡೆ ತಕಂಡ್ರ್.”

ಮೋಕ್ಷಿತಾ ಕೋಲನ್ನು ಅಟ್ಟಕ್ಕೆ ಒರಗಿಸಿ ಬಂದಳು. ನಾಲ್ಕೇ ಹೆಜ್ಜೆ. ಆದರೂ ಬಹಳ ದೂರ ನಡೆದ ಹಾಗಾಯಿತು.

“ಅಜ್ಜಿ, ಶ್ರಾವ್ಯ ತಪ್ಪ್ ಕೇಂಡದ್ದಲ್ಲ. ನಾನೇ ಅವ್ಳಿಗೆ ಸುಳ್ಳ್ ಹೇಳಿದ್ದ್.”

ಅಜ್ಜಿ ಬೈಯಲಿಲ್ಲ. “ಎಂತಕ್ಕೆ?” ಅಂತ ಮಾತ್ರ ಕೇಳಿದಳು.

“ನೀ ಅವ್ಳಿಗೆ ಎಲ್ಲ ಹೇಳ್ತೆ. ಸಿದ್ದಾಪುರದ್ದ್, ಬಸ್ಸಿಂದ್, ಎಲ್ಲ. ನಂಗೆ ಎಂತದೂ ಹೇಳ್ತಿಲ್ಲೆ.”

ಅಜ್ಜಿ ಅವಳ ಮುಖವನ್ನೇ ನೋಡಿದಳು. “ನೀ ಕೇಂಡೇ ಇಲ್ಲೆ ಅಲ್ದಾ ಮಗಾ,” ಎಂದಳು.

ಶಾಲೆಯಿಂದ ಬಂದು ಬ್ಯಾಗ್ ಬಿಸಾಡಿ ಫೋನಿನಲ್ಲಿ ಗೇಮ್ ಆಡುವುದು, ಅಜ್ಜಿ ಏನಾದರೂ ಶುರು ಮಾಡಿದರೆ “ಆಮೇಲೆ ಹೇಳು” ಅನ್ನುವುದು, ಎಲ್ಲ ಮೋಕ್ಷಿತಾಗೆ ನೆನಪಾಯಿತು. ಆ ‘ಆಮೇಲೆ’ ಒಂದು ದಿನವೂ ಬಂದಿರಲಿಲ್ಲ.

ಉಲ್ಲಾಸ್ ಫೋನನ್ನು ಅವಳ ಕೈಗಿಟ್ಟರು. “ಹಂಗಾರೆ ಈ ವಾರದ್ದ್ ನೀನೇ ಬರಿ.”

ಅಕ್ಷರ ಹೇಗೆ ಒತ್ತುವುದು ಅಂತ ಶ್ರಾವ್ಯ ತೋರಿಸಿಕೊಟ್ಟಳು. ಏನು ಬರೆಯಬೇಕು ಅಂತ ಮಾತ್ರ ಹೇಳಲಿಲ್ಲ. ಮೋಕ್ಷಿತಾ ಮೂರು ಸಲ ಬರೆದು ಮೂರು ಸಲ ಅಳಿಸಿದಳು. ಕೊನೆಗೆ ಉಳಿದದ್ದು ಇಷ್ಟು.

“ಉಪ್ಪು ಬಂಗುಡೆಯನ್ನು ಅರ್ಧ ಗಂಟೆ ನೆನೆಸಬೇಕು. ಎರಡು ಸಲ ತೊಳೆಯಬೇಕು. ಬೆಳ್ಳಿ ಅಜ್ಜಿ ಸರಿಯಾಗಿಯೇ ಹೇಳಿದ್ದರು. ಸುಳ್ಳು ಹೇಳಿದ್ದು ನಾನು, ಅವರ ಮೊಮ್ಮಗಳು ಮೋಕ್ಷಿತಾ. ನಿಮ್ಮ ಸಾರು ಹಾಳಾಯಿತು. ತಪ್ಪಾಯಿತು.”

ಕಳಿಸುವ ಬಟನ್ ಒತ್ತಿದಳು. ಸ್ವಲ್ಪ ಹೊತ್ತಿಗೆ ಪುಣೆಯಿಂದ ಒಂದು ಉತ್ತರ ಬಂತು. “ಇನ್ನೊಂದು ಪ್ಯಾಕೆಟ್ ಉಳಿದಿದೆ. ನಾಳೆ ನೆನೆಸಿ ನೋಡುತ್ತೇವೆ.” ಉಳಿದವರು ಏನೂ ಬರೆಯಲಿಲ್ಲ.

ಸ್ಕೂಟರ್ ಹೊರಡುವ ಮೊದಲು ಮೋಕ್ಷಿತಾ ಶ್ರಾವ್ಯಳ ಹತ್ತಿರ ಹೋದಳು. “ನಿಂಗೆ ಗೊತ್ತಿತ್ತ್ ಅಲ್ದಾ? ನನ್ನ ಹೆಸ್ರ್ ಎಂತಕ್ಕೆ ಹೇಳ್ಲಿಲ್ಲೆ?”

“ನಿನ್ನ ಅಜ್ಜಿ ಅಲ್ವಾ? ಅವ್ರಿಗೆ ನಿನ್ನ ಮೇಲೆ ಬೇಜಾರಾಗೋದು ಬೇಡ ಅನ್ನಿಸ್ತು,” ಎಂದಳು ಶ್ರಾವ್ಯ. “ನಂಗೆ ಅಜ್ಜಿ ಇಲ್ಲ. ನಾನು ಹುಟ್ಟೋ ಮೊದ್ಲೇ ಹೋದ್ರು.”

ಸ್ಕೂಟರ್ ಹೋಯಿತು. ಬಿಸಿಲು ಇಳಿಯುತ್ತಿತ್ತು. ಅಜ್ಜಿ ಚಾಪೆಯ ಮೇಲೆ ಕೂತು ಮೀನುಗಳನ್ನು ಬುಟ್ಟಿಗೆ ತುಂಬುತ್ತಿದ್ದಳು. ಮೋಕ್ಷಿತಾ ಬುಟ್ಟಿಯ ಈಚೆ ಬದಿಯಲ್ಲಿ ನಿಂತಳು. ಏನು ಕೇಳಬೇಕು ಅಂತ ಯೋಚಿಸಿದಳು. ಕೇಳಿ ಅಭ್ಯಾಸ ಇಲ್ಲ, ಪಾಪ.

“ಅಜ್ಜಿ, ಅಷ್ಟ್ ದೊಡ್ಡ ಬುಟ್ಟಿ ಬಸ್ಸಲ್ಲಿ ಎಲ್ಲಿ ಇಡ್ತಿದ್ದೆ?”

ಅಜ್ಜಿಯ ಕೈ ನಿಂತಿತು. “ಇದನ್ನ ಶ್ರಾವ್ಯನೂ ಕೇಂಡಿಲ್ಲೆ,” ಎಂದಳು. “ಬಸ್ಸಿನ ಮಂಡೆ ಮೇಲೆ, ಟಾಪಲ್ಲಿ. ಹಿಂದಿನ ಏಣಿ ಹತ್ತಿ ನಾನೇ ಇಡ್ತಿದ್ದೆ. ಒಂದಿನ ಎಂತಾಯ್ತ್ ಅಂದ್ರೆ…”

ಅಷ್ಟು ಹೇಳಿ ಅವಳು ಚಾಪೆಯ ಮೇಲೆ ಸ್ವಲ್ಪ ಸರಿದಳು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗವಾಯಿತು.

ಮೋಕ್ಷಿತಾ ಕೂತಳು. “ಆಮೇಲೆ?” ಅಂತ ಕೇಳಿದಳು.