ಶೇಂದಿ ಇಲ್ಲದ ರೊಟ್ಟಿ

“ಇದರಾಗ ಶೇಂದಿ ಐತೇನು?”

ಕೇಳಿದ್ದೇ ತಡ, ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು! ಟೋಪಿಯ ಸಾಹೇಬರು, ಲೇಸಿನ ಕೊಡೆ ಹಿಡಿದ ಮೇಮ್‌ಸಾಹೇಬರು... ಅವರ ನಡುವೆ ಇಳಕಲ್ ಸೀರೆಯ ಸೆರಗನ್ನು ತಲೆತುಂಬ ಹೊದ್ದು ಬರಿಗಾಲಲ್ಲಿ ನಿಂತಿದ್ದವಳು ನಮ್ಮ ಕಾಶೆವ್ವ. 1936ರ ಆ ಬೆಳಗಿನವರೆಗೆ ಬೊಂಬಾಯಿಯ ಆ ಫ್ರೆಂಚ್ ಬೇಕರಿಗೆ ಇಂಥ ಗಿರಾಕಿ ಬಂದಿರಲೇ ಇಲ್ಲ.

ಗಲ್ಲಾದ ಮೇಲೆ ಕೂತವನಿಗೆ ಕನ್ನಡ ಬಾರದು. ಅವಳು ಹರಕುಮುರಕು ಮರಾಠಿಯಲ್ಲಿ ಮತ್ತೆ ಕೇಳಿದಳು. “ತಾಡಿ... ತಾಡಿ ಹಾಕತೀರೇನು?”

“ತಾಡಿ ಬೇಕಾದರೆ ಗಡಂಗಿಗೆ ಹೋಗಬೇಕು ಬಾಯಿ!” ಎಂದ ಅವನು. ನಾಲ್ಕು ಜನ ನಕ್ಕರು. ಕಾಶೆವ್ವನ ಕಣ್ಣು ತುಂಬಿ ಬಂತು.

‘ಯಪ್ಪಾ ಬಸವಣ್ಣ, ಇನ್ನೆಷ್ಟು ಅಂಗಡಿ ತಿರಗಲಿ?’

“ಇಲ್ಲರಿ. ಒಂದು ಹನಿನೂ ಹಾಕೂದಿಲ್ಲ.”

ಕನ್ನಡ! ಅದೂ ಊರ ಕಡೆಯ ಕನ್ನಡ! ಒಳಬಾಗಿಲಲ್ಲಿ ಒಬ್ಬ ಎತ್ತರದ ಆಳು ನಿಂತಿದ್ದ. ಮೊಣಕೈವರೆಗೂ ಹಿಟ್ಟು, ಒಲೆಯ ಝಳಕ್ಕೆ ಕೆಂಪಾದ ಕಣ್ಣು. ಆದರೆ ಆ ಕಣ್ಣಲ್ಲಿ ನಗೆ ಇರಲಿಲ್ಲ.

“ಖರೆ ಹೇಳ್ರಿ,” ಅವಳ ದನಿ ನಡುಗಿತು. “ಸುಳ್ಳ ಹೇಳಿದ್ರ ಒಂದು ಜೀವ ಹೋಗತೈತಿ!”

ಹೌದು, ಜೀವದ ಮಾತೇ. ಅವಳ ಅಪ್ಪ, ಗೋಕಾಕ ತಾಲೂಕಿನ ನಾಗನೂರಿನ ಗುರುಲಿಂಗಪ್ಪ, ಹೊಟ್ಟೆಯ ಆಪರೇಶನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದ. ಗಂಜಿ ಕುಡಿಸಿದರೆ ಹೊರಗೆ, ಅನ್ನ ಕೊಟ್ಟರೆ ಹೊರಗೆ. “ಡಬಲ್ ರೊಟ್ಟಿ ಹಾಲಿನಲ್ಲಿ ನೆನೆಸಿ ಕೊಡಿ, ಬೇರೆ ಏನೂ ಬೇಡ” ಎಂದಿದ್ದರು ಡಾಕ್ಟರು. ಅಷ್ಟರಲ್ಲಿ ಪಕ್ಕದ ಮಂಚದವನು ಬಾಯಿಬಿಟ್ಟ, ಬೊಂಬಾಯಿಯಲ್ಲಿ ಹಿಟ್ಟು ಉಬ್ಬಿಸಲು ಶೇಂದಿ ಹಾಕುತ್ತಾರೆ ಅಂತ! ದಿನಾ ಲಿಂಗಪೂಜೆ ಮಾಡದೆ ನೀರೂ ಮುಟ್ಟದ ಮನುಷ್ಯ ಗುರುಲಿಂಗಪ್ಪ. ಅಲ್ಲಿಗೆ ಬಾಯಿ ಮುಚ್ಚಿದ. ನಾಲ್ಕು ದಿನ ಬರೀ ಎರಡು ಗುಟುಕು ಹಾಲು.

ಎರಡು ದಿನದಲ್ಲಿ ಒಂಬತ್ತು ಬೇಕರಿ ತಿರುಗಿದ್ದಳು ಪಾಪ. ಕೊನೆಗೆ ಒಬ್ಬ ಗೋವೆಯ ಮುದುಕ ಕನಿಕರದಿಂದ ಹೇಳಿದ್ದ, ಹಳೆಯ ಫ್ರೆಂಚ್ ಪದ್ಧತಿಯವರು ಮಾತ್ರ ಶೇಂದಿ ಮುಟ್ಟುವುದಿಲ್ಲ ಅಂತ. ಹುಡುಕಿ ಹೋದ ಎರಡು ಅಂಗಡಿಗಳಲ್ಲಿ ಬೋರ್ಡಷ್ಟೇ ಫ್ರೆಂಚ್! ಹಿತ್ತಲಲ್ಲಿ ಶೇಂದಿಯ ಗಡಿಗೆಗಳ ಸಾಲು. ಇದು ಮೂರನೆಯದು.

“ಬರ್ರಿ, ಕಣ್ಣಾರೆ ನೋಡ್ರಿ,” ಎಂದು ಅವನು ಒಳಗೆ ಕರೆದ. ಒಂದು ಮಣ್ಣಿನ ಭರಣಿಯ ಮುಚ್ಚಳ ತೆಗೆದ. ಹುಳಿ ವಾಸನೆ, ಆದರೆ ಶೇಂದಿಯದಲ್ಲ.

“ನಿನ್ನಿ ಹಿಟ್ಟು ಇವತ್ತಿನ ಹಿಟ್ಟಿಗೆ ಹಾಕತೇವ್ರಿ. ಹಾಲಿಗೆ ಹೆಪ್ಪ ಹಾಕಿದಂಗ. ರಾತ್ರೆಲ್ಲ ತಾನ ಉಬ್ಬತೈತಿ.”

ಒಲೆಯ ಮುಂದೆ ಕೂತಿದ್ದ ಬಿಳಿಗಡ್ಡದ ಫ್ರೆಂಚ್ ಮಾಲಕ ಹೌದೆಂದು ತಲೆಯಾಡಿಸಿದ.

“ಯಾವೂರರಿ ನಿಮ್ಮದು?” ಕಾಶೆವ್ವ ಕೇಳಿದಳು.

“ಹತ್ತರಗಿರಿ. ಕೇದಾರಿ ಅಂತಾರ.”

ಹತ್ತರಗಿ! ಹುಕ್ಕೇರಿ ಕಡೆಯವರು! ಅವಳಿಗೆ ಅಷ್ಟು ಸಾಕಾಯಿತು. ಬಿಸಿ ರೊಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಿದಳು.

“ಯಾರ ಕೈದವಾ ಇದು?” ಎಂದ ಗುರುಲಿಂಗಪ್ಪ.

“ಹುಕ್ಕೇರಿ ಕಡೇವರಪಾ. ನಮ್ಮವರ.”

ಅಪ್ಪ ಬಾಯಿ ತೆರೆದ. ಕಾಶೆವ್ವ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟಳು.

ಮೂರನೇ ದಿನ ಕೇದಾರಿ ತಾನೇ ಆಸ್ಪತ್ರೆಗೆ ರೊಟ್ಟಿ ತಂದ. ಕಾಶೆವ್ವ ವರಾಂಡದ ಕಂಬಕ್ಕೆ ಒರಗಿ ನಿದ್ದೆಹೋಗಿದ್ದಳು. ಎಚ್ಚರವಾದಾಗ ಅವನು ವಾರ್ಡಿನಿಂದ ಹೊರಬರುತ್ತಿದ್ದ. ಕಣ್ಣು ಒದ್ದೆ.

“ಯಾಕ್ರಿ? ಏನಾತು?”

“ಏನಿಲ್ಲರಿ. ಅಪ್ಪಾರು ಉಂಡ್ರು.” ಹೊರಟವನು ತಿರುಗಿ ಕೇಳಿದ, “ನೀವು ಉಂಡ್ರೇನು?”

ಅಯ್ಯೋ, ಆ ಪ್ರಶ್ನೆ! ಹದಿನಾರಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಅವಳು. ಅವ್ವನೂ ಇಲ್ಲ. ಆರು ವರ್ಷದಿಂದ ಎಲ್ಲರಿಗೂ ಬಡಿಸಿದ್ದಳು, ಉಂಡೆಯಾ ಅಂತ ಅವಳನ್ನು ಕೇಳಿದವರು ಯಾರೂ ಇರಲಿಲ್ಲ.

ಅಂದಿನಿಂದ ದಿನಾ ಸಂಜೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಎರಡು ಮಾತು. ಘಟಪ್ರಭಾ ಹೊಳೆಯದು, ಗೋಕಾಕದ ಕರದಂಟಿನದು, ಮೂಡಲಗಿ ಸಂತೆಯದು. ತನ್ನ ಮನೆಯ ಮಾತು ಬಂದರೆ ಮಾತ್ರ ಕೇದಾರಿ ಸುಮ್ಮನಾಗುತ್ತಿದ್ದ. ಹನ್ನೆರಡು ದಿನದಲ್ಲಿ ಗುರುಲಿಂಗಪ್ಪ ಎದ್ದು ಕೂತ. ಕಾಶೆವ್ವನ ಎದೆಯಲ್ಲೂ ಏನೋ ಎದ್ದು ಕೂತಿತ್ತು, ಅದನ್ನು ಯಾರಿಗೆ ಹೇಳುವುದು?

ಆಗ ಬಂದ ನೋಡಿ ಮಾಲಿಂಗಪ್ಪ!

ಹುಕ್ಕೇರಿಯ ಬೆಲ್ಲದ ವ್ಯಾಪಾರಿ, ದೂರದ ಬೀಗ. ಕೆಲಸಕ್ಕೆಂದು ಬೊಂಬಾಯಿಗೆ ಬಂದವನು ಬಳಗದವರನ್ನು ನೋಡಲು ಬಂದಿದ್ದ. ಅದೇ ಹೊತ್ತಿಗೆ ಕೇದಾರಿ ಕಾಶೆವ್ವನ ಕೈಗೆ ರೊಟ್ಟಿ ಕೊಟ್ಟ. ಅವಳು ಅದನ್ನು ಹಾಲಿಗೆ ಮುರಿದು ಹಾಕಿ ಬಟ್ಟಲನ್ನು ಅಪ್ಪನ ಮುಂದಿಟ್ಟಳು.

“ಏ! ಹತ್ತರಗಿ ಸತ್ತೆವ್ವನ ಮಗ ಅಲ್ಲೇನಲೇ ನೀ?” ಮಾಲಿಂಗಪ್ಪನ ದನಿಗೆ ಇಡೀ ವಾರ್ಡು ತಿರುಗಿತು. “ನಿಮ್ಮ ಕೇರಿ ಊರ ಹೊರಗ ಐತಿ. ನೀ ಇಲ್ಲಿ ಒಳಗ ಬಂದು ಉಣ್ಣಾಕ ಕೊಡಾಕತ್ತೀ? ಗುರುಲಿಂಗಪ್ಪ ಕಾಕಾ, ಇವನ ಕೈದು ತಿಂದಿರೇನು?”

ಗುರುಲಿಂಗಪ್ಪನ ಮುಖ ಬಿಳಿಚಿತು.

“ನ... ನನಗ ಗೊತ್ತಿದ್ದಿಲ್ಲಪಾ!” ಎಂದವನೇ ಬಟ್ಟಲನ್ನು ದೂಡಿಬಿಟ್ಟ. ಹಾಲು ನೆಲದ ತುಂಬ ಚೆಲ್ಲಿತು.

ಕೇದಾರಿ ಮುದುಕನನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡು ಹೊರಗೆ ನಡೆದ.

ಕಾಶೆವ್ವ ಬೆನ್ನತ್ತಿ ಬಂದಳು. “ಮೋಸ ಮಾಡಿದ್ರಿ! ನಂಬಿಸಿ ಮೋಸ ಮಾಡಿದ್ರಿ! ನಮ್ಮಪ್ಪನ ನೇಮ ಕೆಡಿಸಿದ್ರಿ!”

ಹೇಳುತ್ತ ಹೇಳುತ್ತಲೇ ಅವಳ ಅಂಗೈ ಸೆರಗಿಗೆ ಹೋಯಿತು. ರೊಟ್ಟಿ ಇಸಿದುಕೊಂಡಿದ್ದ ಕೈ. ಒರೆಸಿಕೊಂಡಳು... ತನಗೇ ತಿಳಿಯದೆ. ಅವನು ಅದನ್ನು ನೋಡಿದ.

“ನೀವು ಶೇಂದಿದಷ್ಟ ಕೇಳಿದ್ರಿ,” ಎಂದ ಮೆಲ್ಲಗೆ. “ನನ್ನದು ಕೇಳಲಿಲ್ಲ.”

ಹೋಗಿಯೇಬಿಟ್ಟ.

ಮರುದಿನದಿಂದ ಗುರುಲಿಂಗಪ್ಪ ಏನೂ ಮುಟ್ಟಲಿಲ್ಲ. ಮಾಲಿಂಗಪ್ಪ ದಿನಾ ಸಂಜೆ ಬಂದು ಎದುರಿಗೆ ಕೂತು, “ಭೇಷ್ ಮಾಡಿದ್ರಿ ಕಾಕಾ” ಎನ್ನುತ್ತಿದ್ದ. ಭೇಷಂತೆ! ಮುದುಕನ ಪಕ್ಕೆಲುಬು ಎಣಿಸುವಂತಾಗಿತ್ತು. “ಹೊಲಿಗೆ ಮಾಯಬೇಕಾದರೆ ತಿನ್ನಲೇಬೇಕು. ಇಲ್ಲವಾದರೆ ವಾರ ದಾಟುವುದು ಕಷ್ಟ,” ಎಂದರು ಡಾಕ್ಟರು.

ಮೂರನೇ ದಿನ ಮುಂಜಾನೆ ಗುರುಲಿಂಗಪ್ಪ ಮಗಳ ಕೈ ಹಿಡಿದ.

“ಕಾಶೀ, ಅಂವ ನನಗ ಹೇಳಿದ್ದ.”

“ಏನಪಾ?”

“ತಾ ಯಾರು ಅನ್ನೂದನ್ನ. ನೀ ಕಂಬಕ್ಕ ಒರಗಿ ಮಲಗಿದ್ಯಲ್ಲಾ, ಅವತ್ತ. ‘ಯಜಮಾನರ, ಮೊದಲ ನನ್ನ ಕೇರಿ ಯಾವುದು ಕೇಳ್ರಿ, ಆಮ್ಯಾಗ ತಿನ್ರಿ. ಎರಡು ದಿನ ಹೇಳದ ಕೊಟ್ಟೆ, ತಪ್ಪಾತು’ ಅಂದ.” ಮುದುಕನ ಕಣ್ಣೀರು ದಿಂಬಿಗೆ ಇಳಿಯಿತು. “ನನ್ನ ನೇಮ ಶೇಂದಿ ಮುಟ್ಟಬಾರದಂತ ಐತಿ, ಮನುಷ್ಯಾನ್ನ ಮುಟ್ಟಬಾರದಂತ ಇಲ್ಲಪಾ ಅಂದೆ. ದೊಡ್ಡದಾಗಿ ಅಂದೆ! ಅಂವ ಅತ್ತಬಿಟ್ಟ. ತಿಳದ ತಿಂದೆ, ಹತ್ತು ದಿನ ತಿಂದೆ. ಆದ್ರ ಮಾಲಿಂಗಪ್ಪನ ಮುಂದ... ಊರಾಗ ಮಂದಿ ಏನಂದಾರು ಅಂತ ನಾಲಿಗಿ ಹೊಳ್ಳಲಿಲ್ಲ. ಅಂವ ನನ್ನ ಮಾನಾ ಕಾಯ್ದ, ನೋಡು. ಒಂದು ಮಾತ ಆಡಲಿಲ್ಲ. ಇನ್ನ ಯಾವ ಬಾಯಿಲೆ ಅವನ ರೊಟ್ಟಿ ಕೇಳಲಿ?”

ಕಾಶೆವ್ವ ಮಂಚದ ಅಂಚು ಹಿಡಿದು ಎದ್ದಳು. ‘ನಾ ಏನಂದೆ ಅವರಿಗೆ! ಏನ ಮಾಡಿದೆ!’

ಬೇಕರಿಗೆ ಹೋದಾಗ ಕೇದಾರಿ ಹಿಟ್ಟು ನಾದುತ್ತಿದ್ದ. ತಲೆ ಎತ್ತಲಿಲ್ಲ.

“ಅಪ್ಪ ಎಲ್ಲಾ ಹೇಳಿದ... ನನ್ನ ತಪ್ಪಾತರಿ.”

“ರೊಟ್ಟಿ ಅಲ್ಲಿ ಇಟ್ಟೇನ್ರಿ. ದಿನಾ ಇಡಾಕತ್ತೇನಿ. ಒಯ್ಯರಿ.”

ಗೋಡೆಯ ಮಾಡಿನಲ್ಲಿ ಮೂರು ರೊಟ್ಟಿ ಇದ್ದವು. ಅವಳು ಬಂದಿರದ ಎರಡು ದಿನದ್ದು, ಇವತ್ತಿನದು.

“ಬೈದದ್ದನ್ನ ಮರೀರಿ...”

“ಬೈಗಳಾ ನನಗ ಹೊಸಾದಲ್ಲರಿ.” ಅವನ ಕೈ ನಿಂತಿತು. “ಕೈ ಒರಸಿಕೊಂಡ್ರಲ್ಲಾ... ಅದನ್ನ ಮರಿಯಾಕ ಆಗವಲ್ದು.”

ಅವಳು ಅಳುತ್ತ ನಿಂತಳು. ಆಮೇಲೆ ಹೇಳಿದಳು.

“ಅದಕ್ಕ ನನ್ನ ಕಡೆ ಮಾತಿಲ್ಲರಿ. ಅದು ನಾನ ಮಾಡಿದ್ದು. ಹುಟ್ಟಿದಾಗಿಂದ ನೋಡಿದ್ದನ್ನ ಕೈ ಮಾಡತು. ಆದ್ರ ಈ ಕೈ ಬಿಟ್ಟು ಉಳದದ್ದೆಲ್ಲಾ ನಿಮ್ಮ ಮ್ಯಾಲ ಜೀವ ಇಟ್ಟೈತಿ. ಇದನ್ನ ನಂಬಿದ್ರ ನಂಬ್ರಿ, ಬಿಟ್ರ ಬಿಡ್ರಿ!”

ಕೇದಾರಿ ದಂಗಾಗಿ ನೋಡಿದ.

“ರೊಟ್ಟಿ ನಾ ಒಯ್ಯೂದಿಲ್ಲ. ನೀವ ತರಬೇಕು. ಸಂಜಿಕ ಮಾಲಿಂಗಪ್ಪ ಬಂದು ಕುಂತಿರತಾನ. ಆವಾಗ ಬರ್ರಿ.”

“ಮತ್ತ ಬಟ್ಟಲಾ ದೂಡಿದ್ರ?”

“ದೂಡಿದ್ರ...” ಅವಳ ದನಿ ಒಡೆಯಿತು. “ನಮ್ಮಪ್ಪ ಉಳಿಯೂದಿಲ್ಲ.”

ಸಂಜೆ ಅವನು ಬಂದ. ಮಾಲಿಂಗಪ್ಪ ಎದ್ದೇ ನಿಂತ. “ಏನ ಧೈರ್ಯಾಲೇ ನಿನಗ!”

“ನಾನ ಕರಿಸೇನಿ,” ಎಂದ ಗುರುಲಿಂಗಪ್ಪ. ದನಿ ಗಾಳಿಯಷ್ಟು ಸಣ್ಣದು. ಎರಡೂ ಕೈ ಮುಂದೆ ಚಾಚಿದ. “ಕೊಡಪಾ. ನಿನ್ನ ಕೈಲೆ ಕೊಡು. ಮಾಲಿಂಗಪ್ಪ, ಅವತ್ತ ಸುಳ್ಳ ಹೇಳಿದೆ. ತಿಳದ ತಿಂದಿದ್ದೆ. ಇವತ್ತೂ ತಿಳದ ತಿನ್ನಾಕತ್ತೇನಿ.”

ತಿಂದ. ಒಂದು ತುತ್ತು, ಎರಡು... ಮೂರನೆಯದಕ್ಕೆ ಅತ್ತ. ಕೇದಾರಿ ಅವನ ಬೆನ್ನಿಗೆ ಕೈಕೊಟ್ಟು ಹಾಲು ಕುಡಿಸಿದ.

“ನಾಗನೂರಾಗ ನಿಮಗ ಯಾರು ನೀರ ಕೊಡತಾರ ನೋಡತೇನಿ!” ಎಂದು ಮಾಲಿಂಗಪ್ಪ ಧೋತರ ಕೊಡವಿಕೊಂಡು ಹೋದ.

ಆ ಗಂಡಸು ಹೇಳಿದ್ದನ್ನು ಮಾಡಿದ ಅನ್ನಿ. ತಿಂಗಳ ನಂತರ ಗೋಕಾಕ ರೋಡ್ ಸ್ಟೇಶನ್ನಿನಲ್ಲಿ ಅಪ್ಪ, ಮಗಳು, ಕೇದಾರಿ ಮೂವರೂ ಇಳಿದಾಗ, ಕಾಗದ ಬರೆದಿದ್ದರೂ ಊರಿಂದ ಗಾಡಿ ಬಂದಿರಲಿಲ್ಲ. ಬೇರೆಯವರ ಮೂಟೆ ಒಯ್ಯಲು ಬಂದಿದ್ದ ನಾಗನೂರಿನ ಲಕ್ಕಪ್ಪ ಇವರನ್ನು ಕಂಡು ಎತ್ತುಗಳನ್ನು ಹೊಡೆದುಕೊಂಡು ಹೋಗಿಬಿಟ್ಟ. “ಗಾಡಿ ಕಳಸಬ್ಯಾಡ ಅಂದಾರ ಹಿರ್ಯಾರು,” ಎಂದಷ್ಟೇ ಹೇಳಿದ್ದ, ತಲೆ ತಗ್ಗಿಸಿ.

ಗುರುಲಿಂಗಪ್ಪ ಟ್ರಂಕಿನ ಮೇಲೆ ಕೂತ. “ಊರ ಮಂದಿ ಬರಲಿ ಬಿಡಲಿ, ನಿಮ್ಮಿಬ್ಬರ ಮದಿವಿ ನಾನ ಮಾಡತೇನಿ,” ಎಂದು ಬೊಂಬಾಯಿಯಿಂದಲೇ ಹೇಳುತ್ತ ಬಂದಿದ್ದ ಮುದುಕ ಈಗ ಖಾಲಿ ರಸ್ತೆಯನ್ನೇ ನೋಡುತ್ತಿದ್ದ.

ಕೇದಾರಿ ಕಾಶೆವ್ವನನ್ನು ಬದಿಗೆ ಕರೆದ.

“ಬಾಡಗಿ ಗಾಡಿ ಮಾಡಿ ನಿಮ್ಮನ್ನ ಕಳಸಿ, ನಾ ಹತ್ತರಗಿಗೆ ಹೋಗತೇನ್ರಿ. ನನ್ನ ಸಲುವಾಗಿ ನಿಮಗ ಊರ ಬಾಗಲಾ ಹಾಕೂದು ಬ್ಯಾಡ.”

“ಊರ ಬಾಗಲಾ ಅವರು ಹಾಕ್ಲಿ,” ಕಾಶೆವ್ವ ಸೊಂಟದ ಕೀಲಿಗೊಂಚಲನ್ನು ಮುಟ್ಟಿ ತೋರಿಸಿದಳು. “ನಮ್ಮ ಮನಿ ಬಾಗಲದ ಕೀಲಿ ನನ್ನ ಕಡೆ ಐತಿ. ಅದನ್ನ ನಾ ತಗೀತೇನಿ. ನೀವು ಮುಂಚಿ ಬಾಗಲಿಂದ ಒಳಗ ಬರಬೇಕು, ಹಿತ್ತಲದಿಂದ ಅಲ್ಲ.”

ಕೇದಾರಿ ಆ ಕೀಲಿಯನ್ನೇ ನೋಡಿದ.

“ಕಾಶೀ... ನನಗ ಅಂಜಿಕಿ ಆಗಾಕತ್ತೈತಿ.”

ಮೊದಲ ಸಲ ಅವಳನ್ನು ಹೆಸರು ಹಿಡಿದು ಕರೆದಿದ್ದ.

“ನನಗೂ ಆಗಾಕತ್ತೈತಿ,” ಎಂದಳು ಅವಳು. “ನಡೀರಿ, ಅಪ್ಪನ್ನ ಎಬ್ಬಸೂನು.”