ಶೆರಿಫ್‌ನ ಗುದ್ದು

ರಾಯ್ಸ್ ಕ್ಯಾಡೆಲ್‌ನ ಗುದ್ದು ಯಾರಿಗೂ ತಾಗುವುದಿಲ್ಲ ಎಂಬುದು ಅವನ ವಾದ್ಯಮೇಳದಲ್ಲಿದ್ದ ನಮಗೆಲ್ಲ ಗೊತ್ತಿತ್ತು. ಟೀವಿ ಧಾರಾವಾಹಿಯಲ್ಲಿ ಅವನು ಶೆರಿಫ್, ಊರು ಕಾಯುವ ಪೊಲೀಸ್ ಮುಖ್ಯಸ್ಥ. ವಾರವಾರವೂ ರೌಡಿಗಳನ್ನು ಕೆಡವುತ್ತಿದ್ದ. ಮುಷ್ಟಿ ಕೆನ್ನೆಯ ಹತ್ತಿರ ಹೋಗಿ ನಿಲ್ಲುತ್ತಿತ್ತು, ಉಳಿದದ್ದನ್ನು ಕ್ಯಾಮೆರಾ ನೋಡಿಕೊಳ್ಳುತ್ತಿತ್ತು. ಭಾನುವಾರ ಬಂತೆಂದರೆ ಟೆಕ್ಸಸ್ಸಿನ ಡ್ಯಾನ್ಸ್ ಹಾಲ್‌ಗಳಲ್ಲಿ ನಮ್ಮೊಂದಿಗೆ ಅಲ್ಲಿನ ಹಳ್ಳಿಗಾಡಿನ ಕಂಟ್ರಿ ಹಾಡು ಹಾಡುತ್ತಿದ್ದ.

ಪಿಟೀಲು ಬಾರಿಸುವ ನಾನು, ಟ್ವೈಲಾ, ಅವನನ್ನು ಸದಾ ಗೋಳುಹೊಯ್ದುಕೊಳ್ಳುತ್ತಿದ್ದೆ.

“ಶೆರಿಫ್ ಸಾಹೇಬ್ರೇ, ನೊಣ ಕೂತಿದೆ. ಹೊಡೀತೀರಾ, ಬರೀ ಆ್ಯಕ್ಟಿಂಗಾ?”

“ನೊಣಕ್ಕೂ ಸಂಭಾವನೆ ಕೊಡ್ಬೇಕಾಗುತ್ತೆ ಕಣೇ,” ಎಂದು ಹ್ಯಾಟಿನಂಚಿನಡಿಯಿಂದ ನೋಡುತ್ತಿದ್ದ. ಆ ನೋಟಕ್ಕೆ ನನ್ನ ಕಮಾನು ತಾಳ ತಪ್ಪುತ್ತಿತ್ತು. ಅವನು ನಗುತ್ತಿದ್ದ. ನನಗೆ ಕೋಪ ಬರುತ್ತಿತ್ತು, ಪ್ರೀತಿಯೂ.

ಆ ಭಾನುವಾರ ಮಧ್ಯಾಹ್ನ, ಕುಡುಕರು ಎಸೆಯುವ ಬಾಟಲಿ ತಡೆಯಲು ವೇದಿಕೆಯ ಮುಂದೆ ಕಟ್ಟಿದ್ದ ತಂತಿ ಬಲೆಯನ್ನು ಕಿತ್ತುಕೊಂಡು ಡ್ವೇನ್ ವೇದಿಕೆ ಹತ್ತಿದ. ಅವನು ನನ್ನ ಮಾಜಿ ಗಂಡ. ಹಿಂದೆ ನನ್ನ ಎಡಗೈ ಮುರಿದಿದ್ದ. ಅದೇ ಕೈಯನ್ನು ಹಿಡಿದೆಳೆದ.

“ನಡೀ ಮನೆಗೆ. ಮೆರೆದದ್ದು ಸಾಕು.”

ರಾಯ್ಸ್ ಗಿಟಾರ್ ಎಸೆದು ಬಂದು ಮುಷ್ಟಿ ಬೀಸಿದ. ಅದು ಡ್ವೇನ್‌ನ ಕೆನ್ನೆಯ ಹತ್ತಿರ ಹೋಗಿ, ಅಭ್ಯಾಸಬಲದಿಂದ ನಿಂತುಬಿಟ್ಟಿತು.

ಇಡೀ ಹಾಲ್ ಗೊಳ್ಳೆಂದು ನಕ್ಕಿತು. “ಯಾರಾದ್ರೂ ಕಟ್ ಹೇಳ್ರೋ!” ಎಂದ ಡ್ವೇನ್. ಆಮೇಲೆ ನಿಜವಾಗಿ ಹೊಡೆದ. ರಾಯ್ಸ್‌ನ ಮೂಗಿನ ಮೂಳೆ ಮುರಿದದ್ದು ಮೈಕಿನಲ್ಲಿ ಕೇಳಿಸಿತು.

“ಬಿಡೋ ರಾಯ್ಸ್! ನಾಳೆ ಶೂಟಿಂಗ್ ಇದೆ, ನಿನ್ ಮುಖ!” ಎಂದು ಕಿರುಚಿದೆ.

ಆ ಮುಖವೇ ಅವನ ಅನ್ನ. ಅದು ಕೆಟ್ಟರೆ ಧಾರಾವಾಹಿ ಕೈತಪ್ಪುತ್ತಿತ್ತು, ಅವನಿಗೂ ಗೊತ್ತಿತ್ತು. ಆದರೂ ಎದ್ದು ನಮ್ಮಿಬ್ಬರ ನಡುವೆ ಬಂದು ನಿಂತ. ಡ್ವೇನ್ ಅವನ ತುಟಿ ಒಡೆದ, ಹುಬ್ಬು ಸೀಳಿದ. ರಾಯ್ಸ್ ಬಿದ್ದ, ಎದ್ದ, ಮತ್ತೆ ಅಲ್ಲೇ ನಿಂತ. ಹೊಡೆಯಲು ಬಾರದ ಗಂಡಸೊಬ್ಬ ಹೀಗೂ ನಿಲ್ಲುತ್ತಾನೆಂದು ನಾನು ಎಣಿಸಿರಲಿಲ್ಲ.

ನನಗೆ ಹೊಡೆಯಲು ಬರುತ್ತಿತ್ತು. ಮೈಕ್ ಸ್ಟ್ಯಾಂಡ್ ಎತ್ತಿ ಡ್ವೇನ್‌ನ ಮೊಣಕಾಲಿಗೆ ಬಾರಿಸಿದೆ. ಬಿದ್ದ ಮೇಲೆ ಬೆನ್ನಿಗೂ ಬಾರಿಸಿದೆ. ಡ್ರಮ್ಮಿನವನು ಹಿಡಿದುಕೊಳ್ಳದಿದ್ದರೆ ನಿಲ್ಲಿಸುತ್ತಿರಲಿಲ್ಲ. ಕೊನೆಗೆ ಪೊಲೀಸರು ಬಂದು ಡ್ವೇನ್‌ನನ್ನು ಎಳೆದೊಯ್ದರು.

ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ರಾಯ್ಸ್‌ನ ಮುಖಕ್ಕೆ ಐಸ್ ಒತ್ತುತ್ತಿದ್ದೆ. ಧಾರಾವಾಹಿಯ ನಿರ್ದೇಶಕರ ಫೋನ್ ಬಂತು. ಸುದ್ದಿ ಆಗಲೇ ಮುಟ್ಟಿತ್ತು. ಆ ಮುಖ ಇಟ್ಟುಕೊಂಡು ನಾಳೆ ಶೂಟಿಂಗ್ ಹೇಗೆ ಎಂಬ ಅವರ ಕೂಗಾಟ ನನಗೂ ಕೇಳಿಸುತ್ತಿತ್ತು.

“ಕಥೇಲಿ ಶೆರಿಫ್‌ನ ಸಾಯ್ಸಿಬಿಡಿ ಸಾರ್,” ಎಂದು ರಾಯ್ಸ್ ಫೋನಿಟ್ಟ.

ನನಗೆ ಅಳು ಬಂತು. “ಬುದ್ಧಿ ಇದೆಯೇನೋ ನಿಂಗೆ? ಅಷ್ಟು ದೊಡ್ಡ ಪಾತ್ರ!”

“ಅದ್ರಲ್ಲಿ ನಿನ್ನ ಕಾಪಾಡೋ ಸೀನೇ ಇರ್ಲಿಲ್ಲ ಕಣೇ.”

“ಕಾಪಾಡಿದ್ದು ನಾನು!”

“ಹೂಂ. ಅದಕ್ಕೇ ಕೇಳ್ತಿದೀನಿ, ನನ್ ಜೊತೇಲೇ ಇದ್ಬಿಡ್ತೀಯಾ?”

ಆ ಒಡೆದ ತುಟಿಗೇ ಮುತ್ತಿಟ್ಟೆ. ಅಯ್ಯೋ ಎಂದು ಚೀರಿದ. ಅವನೂ ಬಿಡಲಿಲ್ಲ, ನಾನೂ ಬಿಡಲಿಲ್ಲ.